ಕುರ್ಚಿ ಮೇಲೆ ಮೂರು ದಿಂಬು

ಅಪ್ಪ ಬಾತ್‌ರೂಮ್ ಒಳಗಿಂದ ಕರೆದಾಗ ಟವೆಲ್ ಮರೆತಿರಬೇಕು ಅಂದ್ಕೊಂಡೆ. ಎರಡನೇ ಸಲ ಕರೆದಾಗ ದನಿ ಬೇರೆ ಥರ ಇತ್ತು. ಚಿಲಕ ಹಾಕಿರ್ಲಿಲ್ಲ, ಒಳಗೆ ಹೋದೆ. ಕಮೋಡ್ ಮೇಲೆ ಕೂತಿದ್ರು, ಒಂದು ಕೈ ಗೋಡೆಗೆ ಒತ್ತಿ ಹಿಡಿದಿದ್ರು, ಟೈಲ್ಸ್ ಮೇಲೆ ಮೂರ್ನಾಲ್ಕು ಕಡೆ ಅಂಗೈ ಬೆವರಿನ ಗುರುತು ಮೂಡಿತ್ತು, ಅಂದ್ರೆ ನನ್ನನ್ನ ಕರೆಯೋ ಮುಂಚೆ ಅಷ್ಟು ಸಲ ತಾವೇ ಪ್ರಯತ್ನ ಪಟ್ಟಿದ್ರು. "ಏಳಕ್ಕಾಗ್ತಿಲ್ಲ ಕಣೋ, ಸ್ವಲ್ಪ ಕೈ ಕೊಡು" ಅಂದ್ರು, ನನ್ನ ಮುಖ ನೋಡ್ದೆ.

74 ವರ್ಷ ಆಗ. ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆ, ಆಮೇಲೆ ಮನೇಲಿ ಎರಡು ವಾರ ಮಂಚ. ಜ್ವರ ಬಿಟ್ಟಿತ್ತು, ಎಕ್ಸ್‌ರೇ ಕ್ಲಿಯರ್ ಆಗಿತ್ತು, ರಿಪೋರ್ಟ್ ಪ್ರಕಾರ ಎಲ್ಲಾ ಸರಿಹೋಗಿತ್ತು. ಆದ್ರೆ ಕಾಲಲ್ಲಿ ಕಸುವೇ ಇರ್ಲಿಲ್ಲ. ಪೈಜಾಮ ತೊಡೆ ಹತ್ರ ಎಷ್ಟು ಜೋತಾಡ್ತಿತ್ತು ಅಂದ್ರೆ ಬೇರೆ ಯಾರದ್ದೋ ಬಟ್ಟೆ ಹಾಕ್ಕೊಂಡಿದಾರೆ ಅನ್ನಿಸ್ತಿತ್ತು.

ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಎತ್ತಿದೆ ಅಂತ ಸಲೀಸಾಗಿ ಬರೀತಿದೀನಿ, ನಿಜ ಏನು ಅಂದ್ರೆ ಅವರು ಎದ್ದು ನಿಂತ ಮೇಲೆ ನಾನು ವಾಷ್‌ಬೇಸಿನ್ ಹಿಡ್ಕೊಂಡು ಏದುಸಿರು ಬಿಡ್ತಿದ್ದೆ, ಸೊಂಟ ಚಳಕ್ ಅಂದಿತ್ತು. ನನಗಾಗ 44. ಯಾವ ಕಾಯಿಲೇನೂ ಇರ್ಲಿಲ್ಲ. ವರ್ಷವರ್ಷ ಮಾಡಿಸೋ ರಕ್ತ ಪರೀಕ್ಷೆ ನಾರ್ಮಲ್ ಬಂದ್ರೆ ಸಾಕು, ನಾನು ಆರೋಗ್ಯವಂತ ಅಂತ ನಂಬ್ಕೊಂಡಿದ್ದೆ. ಸೋಲ್ತಿರೋವ್ರು ಇಬ್ಬರು ಅಂತ ಆ ಬಾತ್‌ರೂಮ್ ಒಳಗೇ ಗೊತ್ತಾಗಿದ್ದು, ಅಪ್ಪ 30 ವರ್ಷ ಮುಂದೆ ಇದ್ರು ಅಷ್ಟೇ.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನೋ ಗಾದೆ ಚಿಕ್ಕಂದಿನಿಂದ ದುಡ್ಡಿನ ವಿಷಯಕ್ಕೇ ಕೇಳ್ಕೊಂಡು ಬಂದಿದ್ದು. ಈಗ ಅದರಲ್ಲಿರೋ 'ಕೂತು' ಅನ್ನೋ ಪದದ ಮೇಲೇ ಕಣ್ಣು ಹೋಗತ್ತೆ. ಮೂವತ್ತು ದಾಟಿದ ಮೇಲೆ, ಏನೂ ಮಾಡ್ದೆ ಇದ್ರೆ, ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗತ್ತೆ ಅಂತ ಲೆಕ್ಕ, ಅರವತ್ತು ಆದ್ಮೇಲೆ ಇನ್ನೂ ಜೋರಾಗಿ. ಖಂಡ ಕರಗೋದಕ್ಕಿಂತ ಬೇಗ ಶಕ್ತಿ ಹೋಗತ್ತೆ, ಶಕ್ತಿಗಿಂತ ಬೇಗ ಹೋಗೋದು ಆ ಶಕ್ತೀನ ಥಟ್ ಅಂತ ಹೊರಗೆ ತರೋ ವೇಗ, ಅಂದ್ರೆ ಎಡವಿದಾಗ ಇನ್ನೊಂದು ಕಾಲು ಮುಂದಿಟ್ಟು ಬೀಳ್ದೆ ಉಳ್ಕೊಳ್ತೀವಲ್ಲ, ಅದು. ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರಿಟ್ಟವರು ಅಮೆರಿಕದ ಡಾಕ್ಟರ್ ಇರ್ವಿನ್ ರೋಸೆನ್‌ಬರ್ಗ್, 1980ರ ದಶಕದ ಕೊನೇಲಿ. ಗ್ರೀಕ್ ಭಾಷೇಲಿ ಮಾಂಸ ಕಮ್ಮಿಯಾಗೋದು ಅಂತ ಅರ್ಥ ಅಷ್ಟೇ. ಅಲ್ಲೀವರೆಗೆ ಅದಕ್ಕೊಂದು ಸರಿಯಾದ ಹೆಸರೇ ಇರ್ಲಿಲ್ಲ, ವಯಸ್ಸಾಯ್ತು ಅಂತಿದ್ರು, ಈಗ್ಲೂ ಅನ್ನೋದು ಅದನ್ನೇ.

ಅಪ್ಪನ ವಿಷಯದಲ್ಲಿ ನನಗೂ ಹಾಗೇ ಅನ್ನಿಸಿತ್ತು, ವಯಸ್ಸಾಯ್ತು ಇನ್ನೇನು ಅಂತ. ಆಮೇಲೆ ಒಂದು ಹಳೇ ಪ್ರಯೋಗದ ಬಗ್ಗೆ ಓದಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಜನ ಆರೋಗ್ಯವಾಗಿರೋ ಹುಡುಗರನ್ನ ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದ್ರು. ಮೈ ಉಪಯೋಗಿಸ್ಕೊಳ್ಳೋ ಆಮ್ಲಜನಕದ ಗರಿಷ್ಠ ಪ್ರಮಾಣ, ಸರಳವಾಗಿ ಹೇಳಿದ್ರೆ ದಮ್ಮು, ಆ ಮೂರೇ ವಾರದಲ್ಲಿ ನೂರಕ್ಕೆ ಸುಮಾರು 28ರಷ್ಟು ಕಮ್ಮಿಯಾಯ್ತು. ಮಜಾ ಇರೋದು ಮುಂದೆ. ಮೂವತ್ತು ವರ್ಷ ಬಿಟ್ಟು ಅದೇ ಐದು ಜನರನ್ನ ಮತ್ತೆ ಕರೆಸಿ ಅಳೆದ್ರು. ಐವತ್ತಾಗಿತ್ತು, ಹೊಟ್ಟೆ ಬಂದಿತ್ತು, ಆದ್ರೂ ಆವತ್ತು ಹಾಸಿಗೆಯಿಂದ ಎದ್ದ ದಿನ ಎಷ್ಟು ಕೆಳಗೆ ಇಳಿದಿದ್ರೋ ಅಷ್ಟು ಕೆಳಗೆ ಒಬ್ಬರೂ ಹೋಗಿರ್ಲಿಲ್ಲ. ಮೂವತ್ತು ವರ್ಷ ಮಾಡಿದ್ದಕ್ಕಿಂತ ಜಾಸ್ತಿ ಹಾಳು ಮೂರು ವಾರದ ಹಾಸಿಗೆ ಮಾಡಿತ್ತು. ಆರು ತಿಂಗಳು ನಿಧಾನಕ್ಕೆ ನಡಿಗೆ, ಜಾಗಿಂಗ್, ಸೈಕಲ್ ಅಂತ ಮಾಡಿಸಿದ ಮೇಲೆ, ಹುಡುಗರಾಗಿದ್ದಾಗ ಪ್ರಯೋಗ ಶುರುವಾಗೋ ಮುಂಚೆ ಇದ್ದ ಮಟ್ಟಕ್ಕೇ ವಾಪಸ್ ಬಂದ್ರು. ಇದನ್ನ ಓದಿದ ರಾತ್ರಿ ಅಪ್ಪನ ಮಂಚದ ಕಡೆ ನೋಡಿದೆ, ಪಾಪ ವಯಸ್ಸಿನ ತಲೆ ಮೇಲೆ ಎಷ್ಟೊಂದು ಗೂಬೆ ಕೂರಿಸ್ತೀವಿ ಅನ್ನಿಸ್ತು.

ಫಿಸಿಯೋ ಮಾಡಿಸೋಕೆ ಒಬ್ಬರು ಮನೆಗೆ ಬಂದ್ರು. ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಮ್ಮಿ. ಏನೇನೋ ಯಂತ್ರ, ಕರೆಂಟು, ಪಟ್ಟಿ ಎಲ್ಲಾ ತರ್ತಾರೆ ಅಂದ್ಕೊಂಡಿದ್ವಿ. ಅವರು ಬಂದವರೇ ಊಟದ ಟೇಬಲ್‌ನ ಒಂದು ಕುರ್ಚಿ ಎಳೆದು ಗೋಡೆಗೆ ಒರಗಿಸಿ ಇಟ್ಟು, ಅದರ ಮೇಲೆ ಮನೇಲಿದ್ದ ಗಟ್ಟಿ ದಿಂಬು ಮೂರು ಒಂದರ ಮೇಲೊಂದು ಜೋಡಿಸಿದ್ರು. "ಅಂಕಲ್, ಕೈ ಊರದೆ ಇಲ್ಲಿಂದ ಎದ್ದು ನಿಂತ್ಕೊಳ್ಳಿ" ಅಂದ್ರು. ಅಷ್ಟು ಎತ್ತರದಿಂದ ಏಳೋದು ಅಂದ್ರೆ ಅರ್ಧ ನಿಂತ ಹಾಗೇನೇ, ಅಪ್ಪ ಎದ್ರು. ಐದು ಸಲ. ಒಂದು ನಿಮಿಷ ಸುಧಾರಿಸ್ಕೊಂಡು ಮತ್ತೆ ಐದು. ನೋಟ್‌ಬುಕ್ಕಲ್ಲಿ ಬರೆದ್ರು: 3 ದಿಂಬು, 5, 5, 4. ಎರಡು ವಾರ ಆದ್ಮೇಲೆ ಒಂದು ದಿಂಬು ತೆಗೆದ್ರು. ಆವತ್ತು ಅಪ್ಪ "ಅಯ್ಯೋ ಅದು ಇರ್ಲಿ ಬಿಡಮ್ಮ" ಅಂತ ದಿಂಬು ಹಿಡ್ಕೊಂಡಿದ್ದು ಈಗ್ಲೂ ನೆನಪಿದೆ, ಆಟದ ಸಾಮಾನು ಕಿತ್ಕೊಂಡ ಹಾಗೆ. ಮತ್ತೆ ಮೂರು ವಾರಕ್ಕೆ ಇನ್ನೊಂದು ಹೋಯ್ತು. ಮೂರನೇದು ಹೋಗಿದ್ದು ಎರಡೂವರೆ ತಿಂಗಳಿಗೆ. ಆ ಹೊತ್ತಿಗೆ ಬಾತ್‌ರೂಮ್ ಚಿಲಕ ಮತ್ತೆ ಹಾಕ್ಕೊಳ್ಳೋಕೆ ಶುರು ಮಾಡಿದ್ರು, ನಾನು ಹೊರಗೆ ನಿಂತು ಆ ಚಿಲಕದ ಸದ್ದು ಕೇಳಿಸ್ಕೊಂಡೆ, ಏನೂ ಹೇಳ್ಲಿಲ್ಲ.

ಸ್ಟ್ರೆಂತ್ ಟ್ರೈನಿಂಗ್ ಅನ್ನೋ ವಿದ್ಯೆ ಪೂರ್ತಿ ಆ ದಿಂಬಲ್ಲೇ ಇತ್ತು ಅಂತ ಈಗ ಅನ್ಸತ್ತೆ. ಇವತ್ತು ಕಷ್ಟಪಟ್ಟು, ಆದ್ರೆ ಸರಿಯಾಗಿ ಮಾಡಬಹುದಾದ್ದನ್ನ ಮಾಡು, ಅದು ಸಲೀಸಾದಾಗ ಸ್ವಲ್ಪವೇ ಸ್ವಲ್ಪ ಕಷ್ಟ ಮಾಡು, ಬರೆದಿಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಅನ್ನೋ ಡಾಕ್ಟರ್ ಮಂಡಿ ಪೆಟ್ಟಾದ ಸೈನಿಕರಿಗೆ ಇದನ್ನೇ ಮಾಡಿಸಿದ್ರು. ಆಗಿನ ರೂಢಿ ಹಗುರ ತೂಕ, ನೂರಾರು ಸಲ. ಡಿಲಾರ್ಮ್ ತಾನೇ ವೇಟ್ ಎತ್ತೋ ಆಸಾಮಿ, ಭಾರ ಇಟ್ಟು ಕಮ್ಮಿ ಸಲ ಮಾಡಿಸಿದ್ರು, ವಾರವಾರ ಭಾರ ಏರಿಸಿದ್ರು, 1945ರಲ್ಲಿ ಬರೆದು ಪ್ರಕಟಿಸಿದ್ರು. ಇವತ್ತು ಜಿಮ್‌ಗೆ ಕಾಲಿಟ್ಟ ಮೊದಲ ದಿನವೇ ಕಿವಿಗೆ ಬೀಳೋ '3 ಸೆಟ್, 10 ರೆಪ್ಸ್' ಇದ್ಯಲ್ಲ, ಅಂದ್ರೆ ಒಂದು ಸುತ್ತಿಗೆ ಹತ್ತು ಸಲದಂತೆ ಮೂರು ಸುತ್ತು, ಅದರ ಬೇರು ಅವರ ಕೆಲಸದಲ್ಲಿದೆ. ಹುಟ್ಟಿದ್ದು ಆಸ್ಪತ್ರೇಲಿ. ಕನ್ನಡಿ ಮುಂದೆ ನಿಂತು ತೋಳು ತೋರಿಸೋದು ಅದಕ್ಕೆ ಆಮೇಲೆ ಅಂಟ್ಕೊಂಡಿದ್ದು ಅಂತ ನನ್ನ ವಾದ, ಒಪ್ಪದಿದ್ರೆ ಬಿಡಿ.

ಅಪ್ಪನಿಗೆ ಎರಡನೇ ದಿಂಬು ತೆಗೆಯೋ ಹೊತ್ತಿಗೆ ನಾನೂ ಜಿಮ್ ಸೇರಿದೆ. ಮೊದಲ ಆರು ವಾರ ಆಕಾಶಕ್ಕೆ ಮೂರೇ ಗೇಣು. ವಾರವಾರ ತೂಕ ಏರ್ತಿತ್ತು, ಕನ್ನಡೀಲಿ ಮಾತ್ರ ಅದೇ ಮನುಷ್ಯ. ಯಾಕೆ ಅಂದ್ರೆ ಶುರುವಲ್ಲಿ ಬೆಳೆಯೋದು ಖಂಡಕ್ಕಿಂತ ಹೆಚ್ಚಾಗಿ ನರಗಳ ಚುರುಕು, ಇರೋ ಎಳೆಗಳನ್ನೇ ಒಟ್ಟಿಗೆ ಕೆಲಸಕ್ಕೆ ಎಬ್ಬಿಸೋದನ್ನ ಮಿದುಳು ಕಲೀತಿರತ್ತೆ. ಖಂಡ ದಪ್ಪ ಆಗೋದು ನಿಧಾನ. ಖಂಡಾನ ಮೂಳೆಗೆ ಕಟ್ಟಿರೋ ಟೆಂಡನ್ ಇದ್ಯಲ್ಲ, ಅದಕ್ಕೆ ರಕ್ತದ ಓಡಾಟ ಕಮ್ಮಿ, ಅದು ಇನ್ನೂ ನಿಧಾನ. ಹೀಗಾಗಿ ಮೂರನೇ ತಿಂಗಳು ಅನ್ನೋದು ಒಂದು ಮೋಸದ ಕಾಲ, ಎತ್ತೋ ಧೈರ್ಯ ಬಂದಿರತ್ತೆ, ತಡ್ಕೊಳ್ಳೋ ಕಟ್ಟು ಇನ್ನೂ ಬಂದಿರಲ್ಲ.

ನನಗೆ ಪಾಠ ಆಗಿದ್ದು ಸರಿಯಾಗಿ ಮೂರನೇ ತಿಂಗಳಲ್ಲೇ. ಪಕ್ಕದಲ್ಲಿ ಒಬ್ಬ ಇಪ್ಪತ್ತೈದರ ಹುಡುಗ ಡೆಡ್‌ಲಿಫ್ಟ್, ಅಂದ್ರೆ ನೆಲದ ಮೇಲಿರೋ ಭಾರದ ಬಾರ್ ಬಗ್ಗಿ ಎತ್ತೋದು, ಮಾಡ್ತಿದ್ದ, ನನಗಿಂತ ಸಣಕಲು, ನನಗಿಂತ ಜಾಸ್ತಿ ತೂಕ. ನನ್ನ ಬಾರ್‌ಗೆ ಒಂದೇ ಸಲ 10 ಕೆಜಿ ಏರಿಸಿದೆ, ಯಾರೂ ಹೇಳಿರ್ಲಿಲ್ಲ. ಮೊದಲ ಎರಡು ರೆಪ್ ಬಂತು. ಮೂರನೇದಕ್ಕೆ ಬೆನ್ನು ಗೂನಾಗ್ತಿದೆ ಅಂತ ನನಗೇ ಗೊತ್ತಾಗ್ತಿತ್ತು, ಬಿಡಬಹುದಿತ್ತು, ಬಿಡ್ಲಿಲ್ಲ. ಸೊಂಟ ಹಿಡ್ಕೊಂಡಿದ್ದು ಹೇಗೆ ಅಂದ್ರೆ ಮೂರು ದಿನ ಸಾಕ್ಸ್ ಹಾಕ್ಕೊಳ್ಳೋಕಾಗ್ಲಿಲ್ಲ, ಸೀನು ಬಂದ್ರೆ ಗೋಡೆ ಹಿಡೀಬೇಕಿತ್ತು. ಪೂರ್ತಿ ಸರಿಹೋಗೋಕೆ ಮೂರು ವಾರ ಹಿಡೀತು, ಅಷ್ಟೂ ದಿನ ಅಪ್ಪ ಮಗ ಇಬ್ಬರೂ ಒಂದೇ ಕುರ್ಚಿ ಪಾಳಿ ಮೇಲೆ ಉಪಯೋಗಿಸಿದ್ವಿ. ಅಪ್ಪ ಅದೊಂದು ಮಾತ್ರ ಎಲ್ಲಾ ನೆಂಟರಿಗೂ ಫೋನ್ ಮಾಡಿ ಹೇಳಿದ್ರು.

ವಾಪಸ್ ಹೋದ ಮೇಲೆ ನನ್ನ ಹತ್ರ ಇರೋ ಒಂದೇ ಒಂದು ನಿಯಮ: ಇನ್ನೂ ಎರಡು ರೆಪ್ ಆಗತ್ತೆ ಅನ್ನೋವಾಗ್ಲೇ ಬಾರ್ ಕೆಳಗಿಡೋದು. ಮತ್ತೆ 1.25 ಕೆಜಿಯ ಪುಟಾಣಿ ಪ್ಲೇಟ್ ಬಗ್ಗೆ ಇದ್ದ ನಾಚಿಕೆ ಹೋಯ್ತು. ಎರಡೂ ಕಡೆ ಒಂದೊಂದು ಹಾಕಿದ್ರೆ ಎರಡೂವರೆ ಕೆಜಿ. ವಾರಕ್ಕೆ ಅಷ್ಟು ಏರಿಸ್ತಾ ಹೋದ್ರೆ ವರ್ಷಕ್ಕೆ 130 ಕೆಜಿ ಅಂತ ಶುರುವಲ್ಲಿ ಲೆಕ್ಕ ಹಾಕಿದ್ದೆ, ನಗಬೇಡಿ. ಹಳೇ ಗ್ರೀಕರ ಕಾಲದ ಮೈಲೋ ಅನ್ನೋ ಜಟ್ಟಿಯ ಕಥೆ ಇದ್ಯಲ್ಲ, ಕರುವನ್ನ ದಿನಾ ಹೆಗಲ ಮೇಲೆ ಹೊತ್ಕೊಂಡು ಹೋಗಿ ಕೊನೆಗೆ ಅದು ಹೋರಿ ಆದ್ರೂ ಹೊರ್ತಿದ್ದ ಅಂತ. ಆ ಕಥೇಲಿ ಒಂದು ಎಡವಟ್ಟಿದೆ: ಕರು ನೆಟ್ಟಗೆ ಬೆಳೀತಾ ಹೋಗತ್ತೆ, ಮನುಷ್ಯ ಹಾಗೆ ಬೆಳೆಯಲ್ಲ. ಮೊದಲ ವರ್ಷ ಓಡತ್ತೆ, ಎರಡನೇ ವರ್ಷ ನಡೆಯತ್ತೆ, ಆಮೇಲೆ ತೆವಳತ್ತೆ. ನನ್ನ ನೋಟ್‌ಬುಕ್ಕಲ್ಲಿ ಹೋದ ಎಂಟು ತಿಂಗಳಿಂದ ಸ್ಕ್ವಾಟ್, ಅಂದ್ರೆ ಭಾರ ಹೊತ್ತು ಕೂತು ಏಳೋದು, ಆರಕ್ಕೇರಿಲ್ಲ ಮೂರಕ್ಕಿಳಿದಿಲ್ಲ. ಮೊದಮೊದಲು ಬೇಜಾರಾಗ್ತಿತ್ತು, ಈಗ ಇಳಿದಿಲ್ವಲ್ಲ ಅನ್ನೋದೇ ಕಾಣೋದು, ಯಾಕಂದ್ರೆ ಸುಮ್ನೆ ಇದ್ದಿದ್ರೆ ಇಳೀತಿತ್ತು.

ವಾರಕ್ಕೆ ಎರಡೇ ದಿನ ಹೋಗ್ತೀನಿ, ಮುಕ್ಕಾಲು ಗಂಟೆ. ಮಾಡೋದು ಐದು ಥರದ ಕೆಲಸ: ಕೂತು ಏಳೋದು, ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು, ಹೊತ್ಕೊಂಡು ನಡೆಯೋದು. ಕೊನೇದು ನನಗೆ ತುಂಬಾ ಇಷ್ಟ, ಎರಡೂ ಕೈಲಿ ಭಾರದ ಡಂಬಲ್ ಹಿಡಿದು ಬೆನ್ನು ನೆಟ್ಟಗಿಟ್ಟು ಆ ತುದಿಯಿಂದ ಈ ತುದಿಗೆ ನಡೆಯೋದು, ಬೆರಳು ಬಿಚ್ಕೊಳ್ಳೋ ಮುಂಚೆ ಇಡೋದು. ನೋಡೋರಿಗೆ ಇದೇನು ಮೂಟೆ ಹೊರೋ ಕೆಲಸ ಅನ್ನಿಸತ್ತೆ, ಹೌದು, ಅದೇ. ಜೀವನದಲ್ಲಿ ನಿಜವಾಗ್ಲೂ ಬೇಕಾಗೋದು ಅದೇ ತಾನೆ, ಸೂಟ್‌ಕೇಸು, ಮಗು, ನೀರಿನ ಕ್ಯಾನು, ಒಂದೊಂದು ದಿನ ಅಪ್ಪ. ಕಂಪೆನಿ, ಬ್ರ್ಯಾಂಡು, ಪುಡಿ ಡಬ್ಬಿ ಇದ್ಯಾವುದರ ಬಗ್ಗೆನೂ ಕೇಳ್ಬೇಡಿ. ಪ್ರೋಟೀನ್ ಸಾಕಷ್ಟು ತಿನ್ನಿ, ಕಿಡ್ನಿ ತೊಂದರೆ ಇದ್ರೆ ಡಾಕ್ಟರನ್ನ ಕೇಳಿ, ನಿದ್ದೆ ಮಾಡಿ, ಮುಗೀತು.

ಹಿಡಿತದ ವಿಷಯ ಬಂತಲ್ಲ, ಅದೊಂದು ಹೇಳ್ಬಿಡ್ತೀನಿ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈ ಹಿಡಿತ ಅಳೆದ ಅಧ್ಯಯನ ಬಂತು. ಹಿಡಿತ 5 ಕೆಜಿ ಕಮ್ಮಿ ಇದ್ದ ಹಾಗೆಲ್ಲ ಸಾವಿನ ಸಂಭವ ನೂರಕ್ಕೆ 16ರಷ್ಟು ಜಾಸ್ತಿ ಕಂಡಿತ್ತು, ಬಿಪಿಯ ಮೇಲಿನ ಅಂಕಿಗಿಂತ ಇದೇ ಚೆನ್ನಾಗಿ ಮುನ್ಸೂಚನೆ ಕೊಟ್ಟಿತ್ತು. ಇದನ್ನ ಓದಿದ ಕೂಡ್ಲೇ ಒಬ್ಬ ಗೆಳೆಯ ಕೈಲಿ ಒತ್ತೋ ಸ್ಪ್ರಿಂಗ್ ತಗೊಂಡು ಮೀಟಿಂಗಲ್ಲೆಲ್ಲ ಒತ್ತುತ್ತಾ ಕೂತ. ಪೆಟ್ರೋಲ್ ಮುಳ್ಳನ್ನ ಕೈಲಿ ಮೇಲೆತ್ತಿದ್ರೆ ಟ್ಯಾಂಕ್ ತುಂಬತ್ತಾ? ಹಿಡಿತ ಇಡೀ ಮೈಯ ಕಸುವಿನ ಸುದ್ದಿ ಹೇಳತ್ತೆ ಅಷ್ಟೇ. ಇಂಥ ಅಂಕಿ ನೋಡುವಾಗ ಲಂಡನ್ನಿನ ಡಾಕ್ಟರ್ ಜೆರ್ರಿ ಮಾರಿಸ್ ನೆನಪಾಗ್ತಾರೆ. ಡಬಲ್ ಡೆಕರ್ ಬಸ್ಸಲ್ಲಿ ಇಡೀ ದಿನ ಕೂತಿರೋ ಡ್ರೈವರಿಗಿಂತ ಮೆಟ್ಟಿಲು ಹತ್ತಿಳಿಯೋ ಕಂಡಕ್ಟರಿಗೆ ಹೃದ್ರೋಗ ಕಮ್ಮಿ ಅಂತ 1953ರಲ್ಲೇ ತೋರಿಸಿದ್ರು. ಆಮೇಲೆ ತಾವೇ ಅನುಮಾನ ಪಟ್ಟು ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆ ತರಿಸಿ ನೋಡಿದ್ರೆ, ಡ್ರೈವರ್‌ಗಳ ಸೊಂಟ ಕೆಲಸಕ್ಕೆ ಸೇರೋವಾಗ್ಲೇ ದಪ್ಪ! ತಮ್ಮ ಸಿದ್ಧಾಂತಾನ ತಾವೇ ಹೀಗೆ ಜಾಲಾಡೋ ಮನುಷ್ಯರ ಮೇಲೆ ನನಗೆ ನಂಬಿಕೆ ಜಾಸ್ತಿ. ಚಲನೆಯಿಂದ ಹೃದಯಕ್ಕೆ ಒಳ್ಳೇದು ಅನ್ನೋದು ಮಾತ್ರ ಆಮೇಲೆ ಬಂದ ಎಷ್ಟೋ ಕೆಲಸದಲ್ಲಿ ಗಟ್ಟಿಯಾಗ್ತಾನೇ ಹೋಯ್ತು.

ಭಾರ ಎತ್ತೋದೊಂದೇ ಸಾಲಲ್ಲ ಅನ್ನೋದೂ ನನಗೆ ಬೇಗ ಗೊತ್ತಾಗ್ಲಿಲ್ಲ. ಒಂದು ವರ್ಷ ಬರೀ ಕಬ್ಬಿಣ. ಕಾಲಲ್ಲಿ ಶಕ್ತಿ ಬಂದಿದೆ ಅಂತ ಬೀಗ್ತಿದ್ದೆ, ಒಂದಿನ ಲಿಫ್ಟ್ ಕೆಟ್ಟು ಆರು ಮಹಡಿ ಹತ್ತಿದಾಗ ನಾಲ್ಕನೇ ಮಹಡೀಲಿ ರೇಲಿಂಗ್ ಹಿಡಿದು ನಿಂತೆ, ಜೊತೆಗಿದ್ದವರು ಕೇಳಿದ ಪ್ರಶ್ನೆಗೆ ಉತ್ತರ ಕೊಡೋಕೆ ಉಸಿರಿಲ್ಲ. ಎಂಜಿನ್ ದೊಡ್ಡದು, ಗಾಳಿ ಬರೋ ದಾರಿ ಚಿಕ್ಕದು. ಈಗ ವಾರಕ್ಕೆ ನಾಲ್ಕು ದಿನ ಬಿರುಸಾಗಿ ನಡೀತೀನಿ, ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಆ ವೇಗ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದೂ ಹೆಚ್ಚುಕಮ್ಮಿ ಇಷ್ಟೇ, ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲಾ ಅದರ ಅರ್ಧದಷ್ಟು ಹೊತ್ತು ಜೋರು ಶ್ರಮ, ಜೊತೆಗೆ ಎರಡು ದಿನವಾದ್ರೂ ಖಂಡಗಳಿಗೆ ಕೆಲಸ, 65 ದಾಟಿದವರಿಗೆ ಮೂರು ದಿನ ಬ್ಯಾಲೆನ್ಸ್ ಕಲಿಸೋ ವ್ಯಾಯಾಮ. ಎಲ್ಲರೂ ನೆನಪಿಟ್ಕೊಳ್ಳೋದು ವಾಕಿಂಗ್ ಭಾಗ, ಎರಡು ದಿನದ ಭಾಗ ಯಾರ ಕಿವಿಗೂ ಬೀಳೋದೇ ಇಲ್ಲ.

ಅಕ್ಕನಿಗೆ 58. ಮೂಳೆ ಸಾಂದ್ರತೆ ಕಮ್ಮಿ ಇದೆ ಅಂತ ಬಂದ ಮೇಲೆ ಭಾರ ಅನ್ನೋದನ್ನೇ ಮುಟ್ಟೋದು ಬಿಟ್ಟಿದ್ಲು, ಮುರಿದ್ರೆ ಅಂತ ಭಯ. ಭಯಕ್ಕೆ ಕಾರಣ ಇದೆ, ತಪ್ಪಾಗಿ ಎತ್ತಿದ್ರೆ ನಿಜಕ್ಕೂ ಅಪಾಯ. ಆದ್ರೆ ಮೂಳೆ ಸತ್ತ ಕಟ್ಟಿಗೆ ಥರ ಅಲ್ಲ, ಭಾರ ಬಿದ್ದ ಕಡೆ ತನ್ನನ್ನ ತಾನೇ ಕಟ್ಕೊಳ್ಳತ್ತೆ ಅಂತ ಜೂಲಿಯಸ್ ವೋಲ್ಫ್ ಅನ್ನೋ ಜರ್ಮನ್ ಸರ್ಜನ್ 1892ರಲ್ಲೇ ಬರೆದಿದಾನೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಸೊಂಟದ ಮೂಳೆ ಸವೆಯೋದೂ ಅದಕ್ಕೇ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾಗಿದ್ದ ನೂರೊಂದು ಹೆಂಗಸರ ಮೇಲೆ ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯ್ತು: ಒಂದು ಗುಂಪಿಗೆ ಎಂಟು ತಿಂಗಳು ವಾರಕ್ಕೆರಡು ಸಲ ಅರ್ಧ ಗಂಟೆ, ಪಕ್ಕದಲ್ಲಿ ನಿಂತು ತಿದ್ದೋರ ಜೊತೆ ಭಾರದ ವ್ಯಾಯಾಮ, ಇನ್ನೊಂದು ಗುಂಪಿಗೆ ಮನೇಲೇ ಹಗುರದ್ದು. ಮೊದಲ ಗುಂಪಲ್ಲಿ ಬೆನ್ನುಮೂಳೆ ಸಾಂದ್ರತೆ ನೂರಕ್ಕೆ ಸುಮಾರು 3ರಷ್ಟು ಏರಿತ್ತು, ಎರಡನೇದರಲ್ಲಿ ಇಳಿದಿತ್ತು. ಅಕ್ಕನಿಗೆ ಇದನ್ನ ಕಳಿಸಿದೆ. ನೋಡಿದಾಳೆ, ಉತ್ತರ ಇಲ್ಲ. ಹೋದ ತಿಂಗಳು ಮಾತ್ರ "ಆ ಫಿಸಿಯೋ ಹುಡುಗಿ ನಂಬರ್ ಕಳ್ಸು" ಅಂತ ಒಂದು ಸಾಲು ಬಂತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಆ ಗಾದೆ ಜೊತೆ ಮಾತ್ರ ನನಗೆ ಈಗ ಜಗಳ. 1990ರಲ್ಲಿ ಬಾಸ್ಟನ್ನಲ್ಲಿ ಮರಿಯಾ ಫಿಯಾಟರೋನ್ ಅನ್ನೋ ಡಾಕ್ಟರ್, ವೃದ್ಧಾಶ್ರಮದಲ್ಲಿದ್ದ ಹತ್ತು ಜನಕ್ಕೆ ಕಾಲಿನ ವೇಟ್ ಟ್ರೈನಿಂಗ್ ಕೊಟ್ರು. ವಯಸ್ಸು ಎಷ್ಟು ಗೊತ್ತಾ, 86ರಿಂದ 96. ಹಗುರವಾಗೇನೂ ಕೊಡ್ಲಿಲ್ಲ. ಎಂಟು ವಾರ. ಪೂರ್ತಿ ಮಾಡಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ನೂರಕ್ಕೆ 174ರಷ್ಟು ಏರ್ತು, ಅಂದ್ರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆಮೇಲೆ ನಾಲ್ಕು ವಾರ ಬಿಡಿಸಿ ನೋಡಿದ್ರೆ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಇಳಿದಿತ್ತು. ಎಲ್ಲರೂ ಮೊದಲ ಅಂಕಿ ಹೇಳ್ತಾರೆ, ನನಗೆ ಎರಡನೇದೂ ಅಷ್ಟೇ ಮುಖ್ಯ. 90ರ ಮರ ಬಗ್ಗತ್ತೆ, ನಿಜ, ಕೈ ಬಿಟ್ರೆ ಮತ್ತೆ ಹಾಗೇ ನಿಲ್ಲತ್ತೆ, ಅದೂ ನಿಜ.

ಹೋದ ವರ್ಷ ನನಗೇ ಜ್ವರ ಬಂದು ಹನ್ನೆರಡು ದಿನ ಮಲಗಿದೆ. ಎದ್ದು ಜಿಮ್‌ಗೆ ಹೋದ್ರೆ ಸ್ಕ್ವಾಟ್‌ನಲ್ಲಿ 15 ಕೆಜಿ ಕಡಿಮೆ. ಆದ್ರೆ ಮೂರು ವಾರಕ್ಕೆ ವಾಪಸ್ ಬಂತು, ಮೊದಲ ಸಲ ಅದೇ ತೂಕ ಮುಟ್ಟೋಕೆ ಏಳು ತಿಂಗಳು ಹಿಡಿದಿತ್ತು. ಒಮ್ಮೆ ಕಟ್ಟಿದ ಖಂಡ ದಾರಿ ಮರೆಯಲ್ಲ. ಅದಕ್ಕಿಂತ ಹೆಚ್ಚಾಗಿ ನನಗೆ ಹೊಳೆದಿದ್ದು ಇನ್ನೊಂದು: ಆ ಹನ್ನೆರಡೂ ದಿನ ಬಾತ್‌ರೂಮಿಗೆ ನಾನೇ ಎದ್ದು ಹೋದೆ. ಕುರ್ಚಿಯಿಂದ ಏಳೋಕೆ ಎಷ್ಟು ಶಕ್ತಿ ಬೇಕೋ ಅದು ಜ್ವರ ಇದ್ರೂ ಇಲ್ಲದಿದ್ರೂ ಅಷ್ಟೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ನಮ್ಮ ಹತ್ರ ಅದಕ್ಕಿಂತ ಎಷ್ಟು ಜಾಸ್ತಿ ಇದೆ ಅನ್ನೋದ್ರ ಮೇಲೆ, ಕಾಯಿಲೆ ತನ್ನ ಪಾಲು ಕಿತ್ಕೊಂಡ ಮೇಲೂ ಏಳ್ತೀವಾ ಇಲ್ವಾ ಅನ್ನೋದು ನಿಂತಿರೋದು. ಅಪ್ಪನಿಗೆ ನ್ಯುಮೋನಿಯಾ ಬರೋ ಹಿಂದಿನ ದಿನ ಎಲ್ಲಾ ಸರಿಯಾಗೇ ಕಾಣ್ತಿತ್ತು, ನಡೀತಿದ್ರು, ಮೆಟ್ಟಿಲು ಹತ್ತುತ್ತಿದ್ರು. ಅಂಚಲ್ಲಿದ್ರು ಅಂತ ಅವರಿಗೂ ಗೊತ್ತಿರ್ಲಿಲ್ಲ, ನಮಗೂ.

ಈಗ ಅಪ್ಪನಿಗೆ 77. ಕುರ್ಚಿ ಇನ್ನೂ ಅದೇ ಗೋಡೆ ಹತ್ರ ಇದೆ, ದಿಂಬು ಇಲ್ಲ, ಎದೆಗೆ ಅಪ್ಪಿ ಹಿಡಿಯೋಕೆ ನಾಲ್ಕು ಕೆಜಿಯ ಒಂದು ಡಂಬಲ್ ಬಂದಿದೆ. ನೋಟ್‌ಬುಕ್ ಬರೆಯೋ ಕೆಲಸ ನಂದು, ಎಣಿಸೋದೂ ನಾನೇ. ಇವತ್ತು ಬೆಳಿಗ್ಗೆ ಎಂಟಕ್ಕೆ ಡಂಬಲ್ ಕೆಳಗಿಟ್ಟು ಕೂತ್ಬಿಟ್ರು.

"ಅಪ್ಪ, ಹತ್ತು ಆಗ್ಲಿಲ್ಲ, ಎಂಟೇ ಆಗಿದ್ದು" ಅಂದೆ.

"ನೀನು ಫೋನ್ ನೋಡ್ತಿದ್ದೆ, ಎರಡು ಎಣಿಸ್ಲಿಲ್ಲ. ಹತ್ತು ಅಂತ ಬರ್ಕೋ" ಅಂದ್ರು.

ಬರ್ಕೊಂಡೆ. ಒಂಬತ್ತು ಅಂತ.